ಕರ್ನವಾಲ್: ಒಂದು ಸ್ಪ್ಯಾನಿಷ್ ಪದವನ್ನು ಅದರ ಹಬ್ಬದ ಸಮೇತ ಕಲಿಯುವ ಬಗೆ

ಸ್ಪ್ಯಾನಿಷ್ ಕಲಿಯುವವರು ಈ ಪದವನ್ನು ಸುಲಭದ ಪಟ್ಟಿಗೆ ಸೇರಿಸಿಬಿಡುತ್ತಾರೆ. ‘ಕಾರ್ನಿವಲ್’ ಹೇಗೂ ಗೊತ್ತಿದೆ, ಉಚ್ಚಾರ ಸ್ವಲ್ಪ ಬದಲಿಸಿದರೆ ಆಯಿತು ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಇಂಗ್ಲಿಷ್ ಮೂಲಕ ನಮಗೆ ಬಂದಿರುವ ಕಾರ್ನಿವಲ್ ಎಂದರೆ ಮಳಿಗೆಗಳು, ತಿರುಗುವ ತೊಟ್ಟಿಲು, ಆಟಗಳು ಇರುವ ಮೇಳ. ಸ್ಪ್ಯಾನಿಷ್‌ನಲ್ಲಿ ಅಂಥ ಮೇಳಕ್ಕೆ ‘ಫೇರಿಯ’ ಎನ್ನುತ್ತಾರೆ. ‘ಕರ್ನವಾಲ್’ ಬೇರೆಯದೇ ಸಂಗತಿ. ಅದು ಕ್ಯಾಲೆಂಡರಿಗೆ ಕಟ್ಟುಬಿದ್ದ ಹಬ್ಬ. ಈಸ್ಟರ್‌ಗೆ ಮುಂಚೆ ಕ್ರೈಸ್ತರು ಆಚರಿಸುವ 40 ದಿನಗಳ ವ್ರತ ಶುರುವಾಗುವ ಮುನ್ನ, ಉಣ್ಣುವುದನ್ನೂ ಕುಣಿಯುವುದನ್ನೂ ನಗುವುದನ್ನೂ ಮುಗಿಸಿಕೊಳ್ಳುವ ಕೆಲವು ದಿನಗಳು.

ಆದ್ದರಿಂದ ಮೊದಲ ಸಲಹೆ: ಈ ಪದವನ್ನು ಒಂಟಿಯಾಗಿ ಕಲಿಯಬೇಡಿ. ಅದರ ಜೋಡಿ ಪದ ‘ಕ್ವರೇಸ್ಮ’ವನ್ನೂ ಜೊತೆಯಲ್ಲೇ ಬರೆದುಕೊಳ್ಳಿ. ಆ 40 ದಿನಗಳ ವ್ರತಕಾಲದ ಹೆಸರು ಅದು. ಲ್ಯಾಟಿನ್‌ನಲ್ಲಿ ‘ನಲವತ್ತನೆಯದು’ ಎಂಬ ಅರ್ಥದ ಪದದಿಂದ ಬಂದಿದೆ. ವ್ರತವಿಲ್ಲದೆ ಕರ್ನವಾಲ್ ಇಲ್ಲ. ಸ್ಪೇನಿನ 14ನೇ ಶತಮಾನದ ಕಾವ್ಯವೊಂದರಲ್ಲಿ ಇವರಿಬ್ಬರೂ ಪಾತ್ರಗಳಾಗಿ ಯುದ್ಧಕ್ಕೆ ಇಳಿಯುತ್ತಾರೆ: ಮಾಂಸದ ಸೇನೆ ಕಟ್ಟಿಕೊಂಡ ದೋನ್ ಕರ್ನಾಲ್ ಒಂದು ಕಡೆ, ಮೀನು ತರಕಾರಿಗಳ ಪಡೆಯೊಂದಿಗೆ ದೋಞ ಕ್ವರೇಸ್ಮ ಇನ್ನೊಂದು ಕಡೆ. ಈ ಎರಡು ಹೆಸರುಗಳನ್ನು ಇಂದಿಗೂ ಹಬ್ಬದ ಸುದ್ದಿಗಳಲ್ಲಿ, ಮೆರವಣಿಗೆಗಳಲ್ಲಿ ಕೇಳಬಹುದು.

ಓದುವ ಮುನ್ನ ಒಂದು ಸೂಚನೆ. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಬರೆಯುವಾಗ ದೀರ್ಘ ಸ್ವರ ಹಾಕಿರುವ ಕಡೆ ಒತ್ತು ಬೀಳುತ್ತದೆ ಎಂದು ತಿಳಿಯಿರಿ. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದವಿದೆ.

ಬಾಯಿಗೆ ತರುವುದು

ಅಕ್ಷರಗಳು ಎಂಟು: ಸಿ, ಎ, ಆರ್, ಎನ್, ಎ, ವಿ, ಎ, ಎಲ್. ಇದರಲ್ಲಿ ‘ಐ’ ಅಕ್ಷರವೇ ಇಲ್ಲ. ‘ನಿ’ ಎಂದು ನಾಲಿಗೆ ಹೊರಳಿದರೆ ಇಂಗ್ಲಿಷ್ ಪದ ಒಳಗೆ ನುಸುಳಿದೆ ಎಂದೇ ಅರ್ಥ. ಇರುವ ಮೂರೂ ಸ್ವರಗಳು ಒಂದೇ, ಮೂರನ್ನೂ ಒಂದೇ ಥರ ಹೇಳಬೇಕು.

ಆ ಸ್ವರ ಕನ್ನಡದ ‘ಅ’ ಅಲ್ಲ, ‘ಆ’ ಕೂಡ ಅಲ್ಲ. ಬಾಯಿಯನ್ನು ‘ಆ’ ಎನ್ನುವಷ್ಟು ತೆರೆಯಬೇಕು, ಆದರೆ ‘ಅ’ ಎನ್ನುವಷ್ಟು ಹೊತ್ತು ಮಾತ್ರ. ‘ಆಕಾಶ’ ಎಂಬುದನ್ನು ಆತುರದಲ್ಲಿ ಹೇಳಿದಾಗ ಮೊದಲ ಸ್ವರ ಹೇಗೆ ಮೊಟಕಾಗುತ್ತದೆ, ಹಾಗೆ. ಒತ್ತು ಕೊನೆಯ ತುಂಡಿನ ಮೇಲೆ: ಕರ್–ನ–ವಾಲ್. ಸ್ಪ್ಯಾನಿಷ್‌ನ ನಿಯಮ ಸರಳವಾಗಿದೆ. ಪದ ಸ್ವರದಿಂದಲೋ, ‘ಎನ್’ ಅಥವಾ ‘ಎಸ್’ನಿಂದಲೋ ಮುಗಿದರೆ ಕೊನೆಯ ಹಿಂದಿನ ತುಂಡಿಗೆ ಒತ್ತು, ಬೇರೆ ವ್ಯಂಜನದಿಂದ ಮುಗಿದರೆ ಕೊನೆಯ ತುಂಡಿಗೆ. ಇದು ‘ಎಲ್’ನಿಂದ ಮುಗಿಯುತ್ತದೆ, ನಿಯಮದಂತೆಯೇ ನಡೆಯುತ್ತದೆ, ಆದ್ದರಿಂದ ಬರೆಯುವಾಗ ಯಾವ ಸ್ವರದ ಮೇಲೂ ಒತ್ತುಗೆರೆ ಬೇಡ. ಬಹುವಚನ ‘ಕರ್ನವಾಲೆಸ್’. ಅದು ‘ಎಸ್’ನಿಂದ ಮುಗಿಯುವುದರಿಂದ ಒತ್ತು ಕೊನೆಯ ಹಿಂದಿನ ತುಂಡಿಗೆ, ಅಂದರೆ ಮತ್ತೆ ಅದೇ ‘ವಾ’ ಮೇಲೆಯೇ ಬೀಳುತ್ತದೆ. ಇಲ್ಲೂ ಗೆರೆ ಬೇಡ. ಕಲಿಯುವವರು ಕೊನೆಯ ‘ಎ’ ಮೇಲೆ ಗೆರೆ ಎಳೆಯುವುದು ತೀರಾ ಸಾಮಾನ್ಯ ತಪ್ಪು.

ಹೆಚ್ಚು ಅಭ್ಯಾಸ ಬೇಡುವುದು ನಡುವಿನ ‘ವ’. ಸ್ಪ್ಯಾನಿಷ್‌ನಲ್ಲಿ ‘ಬಿ’ ಮತ್ತು ‘ವಿ’ ಅಕ್ಷರಗಳಿಗೆ ಒಂದೇ ಧ್ವನಿ. ಮಾತಿನ ಆರಂಭದಲ್ಲಿ, ಅಥವಾ ‘ಮ’ಕಾರ ‘ನ’ಕಾರಗಳ ನಂತರ ಬಂದರೆ ಅದು ಗಟ್ಟಿಯಾದ ‘ಬ’. ಎರಡು ಸ್ವರಗಳ ನಡುವೆ ಬಂದರೆ ಮೆತ್ತಗಾಗುತ್ತದೆ: ಎರಡು ತುಟಿಗಳು ಹತ್ತಿರ ಬರುತ್ತವೆ, ಮುಟ್ಟುವುದಿಲ್ಲ, ನಡುವೆ ಉಸಿರು ಹಾದುಹೋಗುತ್ತದೆ. ಕನ್ನಡದ ‘ವ’ ಹೇಳುವಾಗ ಮೇಲಿನ ಹಲ್ಲು ಕೆಳತುಟಿಯ ಹತ್ತಿರ ಹೋಗುತ್ತದೆ. ಇಲ್ಲಿ ಹಲ್ಲಿಗೆ ಕೆಲಸವಿಲ್ಲ. ಕನ್ನಡಿ ಮುಂದೆ ನಿಂತು ಮೊದಲು ‘ಅಬ’ ಎನ್ನಿ. ಆಮೇಲೆ ಅದನ್ನೇ ತುಟಿ ಪೂರ್ತಿ ಮುಚ್ಚದೆ, ಸೋಮಾರಿಯಾಗಿ ಹೇಳಿ. ಮೇಲಿನ ಹಲ್ಲು ಕಂಡರೆ ಅದು ‘ವ’ ಆಯಿತು, ತುಟಿ ಪಟ್ ಎಂದು ಮುಚ್ಚಿದರೆ ‘ಬ’ ಆಯಿತು. ಇವೆರಡರ ನಡುವಿನದು ಬೇಕು. ಹತ್ತು ಬಾರಿ ‘ನಬಾ’ ಅಂದು, ಹತ್ತು ಬಾರಿ ಸಡಿಲಿಸಿ ಹೇಳಿ, ಆಮೇಲೆ ಪೂರ್ತಿ ಪದಕ್ಕೆ ಹೋಗಿ. ಫೋನಿನಲ್ಲಿ ದನಿ ಮುದ್ರಿಸಿಕೊಂಡು ಕೇಳಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಉಳಿದದ್ದರಲ್ಲಿ ಕನ್ನಡದವರಿಗೆ ಲಾಭವೇ ಹೆಚ್ಚು. ಮೊದಲ ‘ಕ’ ಮಹಾಪ್ರಾಣದ ಗಾಳಿ ಇಲ್ಲದ ಶುದ್ಧ ‘ಕ’, ನಮ್ಮದೇ. ‘ರ’ ನಾಲಿಗೆಯ ತುದಿ ಒಮ್ಮೆ ತಟ್ಟುವ ‘ರ’, ಅದೂ ನಮ್ಮದೇ. ‘ತ’, ‘ದ’ ಹಲ್ಲಿಗೆ ತಾಗುವ ದಂತ್ಯಗಳು. ಇಂಗ್ಲಿಷ್ ಪದಗಳಿಗೆ ‘ಟ’, ‘ಡ’ ಬಳಸುವ ರೂಢಿಯನ್ನು ಇಲ್ಲಿಗೆ ತರದಿದ್ದರೆ ಸಾಕು. ಎರಡು ಎಚ್ಚರಿಕೆಗಳಿವೆ. ಒಂದು, ಕೊನೆಯ ‘ಲ್’ ಅನ್ನು ‘ಳ್’ ಮಾಡಬೇಡಿ. ಎರಡು, ವ್ಯಂಜನದಲ್ಲಿ ನಿಲ್ಲಲು ನಮ್ಮ ನಾಲಿಗೆಗೆ ಕಷ್ಟವಾಗಿ ‘ಕರ್ನವಾಲು’ ಎಂದು ಉಕಾರ ಸೇರಿಕೊಳ್ಳುತ್ತದೆ. ‘ಲ್’ ಮೇಲೆ ನಾಲಿಗೆಯನ್ನು ಹಲ್ಲಿನ ಹಿಂದೆಯೇ ಒಂದು ಕ್ಷಣ ಹಿಡಿದು ನಿಲ್ಲಿಸಿ.

ಬ್ರೆಜಿಲಿನ ವಿಡಿಯೋಗಳಿಂದ ಉಚ್ಚಾರ ಕಲಿಯಬೇಡಿ. ಅಲ್ಲಿನ ಭಾಷೆ ಪೋರ್ಚುಗೀಸ್. ಪದದ ಅಕ್ಷರಗಳು ಅವೇ ಎಂಟು, ಆದರೆ ಅವರ ‘ವ’ ಹಲ್ಲು ತಾಗುವ ‘ವ’, ಕೊನೆಯ ‘ಲ್’ ಕರಗಿ ‘ಕರ್ನವಾವ್’ ಎಂಬಂತೆ ಕೇಳುತ್ತದೆ. ಸ್ಪೇನಿನ ದಕ್ಷಿಣದ ಕಾದಿಸ್‌ನಲ್ಲಿ ಕೊನೆಯ ‘ಲ್’, ‘ಸ್’ ಎರಡನ್ನೂ ನುಂಗುವವರಿದ್ದಾರೆ. ಕೇಳಿ ಅರ್ಥ ಮಾಡಿಕೊಳ್ಳಿ, ಆದರೆ ನೀವು ಪೂರ್ತಿ ಹೇಳಿ.

ವಾಕ್ಯದಲ್ಲಿ ಕೂರಿಸುವುದು

ಪದ ಪುಲ್ಲಿಂಗ: ‘ಎಲ್ ಕರ್ನವಾಲ್’. ಇದರ ಹಿಂದೆ ‘ಆ’ ಅಥವಾ ‘ದೆ’ ಬಂದರೆ ‘ಎಲ್’ ಜೊತೆ ಬೆಸೆದು ‘ಆಲ್’, ‘ದೆಲ್’ ಆಗುತ್ತವೆ. ಬಿಡಿಸಿ ಹೇಳುವುದು ತಪ್ಪು.

‘ಬೊಯ್ ಆಲ್ ಕರ್ನವಾಲ್ ದೆ ಕಾದಿಸ್’ ಎಂದರೆ ಕಾದಿಸ್‌ನ ಕರ್ನವಾಲ್‌ಗೆ ಹೋಗುತ್ತಿದ್ದೇನೆ. ಮೊದಲ ಪದ ಬರೆಯುವುದು ‘ವಿ’ ಅಕ್ಷರದಿಂದಲೇ, ಆದರೆ ಮಾತಿನ ಆರಂಭವಾದ್ದರಿಂದ ಗಟ್ಟಿ ‘ಬ’. ‘ಕರ್ನವಾಲ್’ನ ಒಳಗೆ ಅದೇ ಅಕ್ಷರ ಮೆತ್ತಗೆ. ಮೇಲೆ ಹೇಳಿದ ನಿಯಮದ ಎರಡೂ ಮುಖ ಒಂದೇ ವಾಕ್ಯದಲ್ಲಿ ಸಿಗುವುದರಿಂದ ಅಭ್ಯಾಸಕ್ಕೆ ಇದನ್ನೇ ಇಟ್ಟುಕೊಳ್ಳಿ.

‘ಕ್ವಾಂದೊ ಕಾಯೆ ಎಲ್ ಕರ್ನವಾಲ್ ಏಸ್ತೆ ಆಞೊ?’ ಎಂದರೆ ಈ ವರ್ಷ ಕರ್ನವಾಲ್ ಯಾವಾಗ ಬೀಳುತ್ತದೆ? ಹಬ್ಬ ‘ಯಾವಾಗ ಬಿತ್ತು’ ಎಂದು ನಾವು ಕೇಳುವ ಹಾಗೆಯೇ ಅವರೂ ‘ಬೀಳು’ ಕ್ರಿಯಾಪದವನ್ನೇ ಬಳಸುತ್ತಾರೆ. ‘ಆಞೊ’ದಲ್ಲಿ ನಮ್ಮ ವರ್ಣಮಾಲೆಯಲ್ಲಿ ಹೆಚ್ಚು ಕೆಲಸವಿಲ್ಲದೆ ಕುಳಿತಿರುವ ‘ಞ’ ಇದೆ. ಅದನ್ನು ಬರಿಯ ‘ನ’ ಮಾಡಿದರೆ ವರ್ಷ ಹೋಗಿ ಗುದದ್ವಾರ ಎಂಬ ಅರ್ಥ ಬರುತ್ತದೆ, ಹಾಗಾಗಿ ಎಚ್ಚರ.

‘ಎನ್ ಕರ್ನವಾಲ್’ ಎಂದರೆ ಕರ್ನವಾಲ್ ದಿನಗಳಲ್ಲಿ. ಇಲ್ಲಿ ‘ಎಲ್’ ಬೇಡ. ಒಂದೇ ಊರಿನ ಒಂದೇ ವರ್ಷದ ಹಬ್ಬವನ್ನೂ ಬಹುವಚನದಲ್ಲಿ ‘ಲೋಸ್ ಕರ್ನವಾಲೆಸ್’ ಎನ್ನುವುದು ರೂಢಿ, ಏಕೆಂದರೆ ದಿನಗಳು ಹಲವು. ಕ್ರಿಯಾಪದವೂ ಬಹುವಚನಕ್ಕೆ ಹೊಂದಬೇಕು.

ಇನ್ನು ಹಬ್ಬದ ಮುಖ್ಯ ಕ್ರಿಯಾಪದ ‘ದಿಸ್ಫ್ರಸಾರ್ಸೆ’, ವೇಷ ಹಾಕಿಕೊಳ್ಳುವುದು. ‘ಮೆ ದಿಸ್ಫ್ರಾಸೊ ದೆ ಪಿರಾತ’ ಎಂದರೆ ಕಡಲ್ಗಳ್ಳನ ವೇಷ ಹಾಕುತ್ತೇನೆ. ‘ದೆ’ ಬೇಕೇ ಬೇಕು, ‘ಒಬ್ಬ’ ಎಂಬರ್ಥದ ‘ಊನ್’ ಬೇಡ. ಮೊದಲ ‘ಮೆ’ ಬಿಟ್ಟರೆ ಬೇರೆ ಯಾರಿಗೋ ವೇಷ ಹಾಕಿಸುತ್ತಿದ್ದೀರಿ ಎಂದಾಗುತ್ತದೆ. ಗೆಳೆಯರನ್ನು ಕೇಳುವ ಪ್ರಶ್ನೆ ‘ದೆ ಕೇ ತೆ ದಿಸ್ಫ್ರಾಸಸ್?’, ಯಾವ ವೇಷ ನಿಂದು? ವೇಷ ಎಂಬ ನಾಮಪದ ‘ದಿಸ್ಫ್ರಾಸ್’. ಬರೆಯುವಾಗ ಕೊನೆಯಲ್ಲಿ ‘ಝಡ್’, ಬಹುವಚನದಲ್ಲಿ ಅದು ‘ಸಿ’ ಆಗಿ ‘ದಿಸ್ಫ್ರಾಸೆಸ್’. ಸ್ಪೇನಿನ ಬಹುಪಾಲು ಕಡೆ ಈ ‘ಸ’ವನ್ನು ನಾಲಿಗೆಯ ತುದಿ ಹಲ್ಲಿನ ಸಂದಿಗೆ ತಂದು ಊದಿ ಹೇಳುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ಮಾಮೂಲಿ ‘ಸ’. ನಿಮ್ಮ ಶಿಕ್ಷಕರು ಯಾವ ಕಡೆಯವರೋ ಆ ಕಡೆಯದನ್ನೇ ಹಿಡಿಯಿರಿ, ಬೆರೆಸಬೇಡಿ.

ಮುಖವಾಡಕ್ಕೆ ಮೂರು ಪದಗಳಿವೆ. ಕಣ್ಣಿನ ಸುತ್ತ ಮಾತ್ರ ಮುಚ್ಚುವುದು ‘ಅಂತಿಫಾಸ್’. ಮುಖ ಪೂರ್ತಿ ಮುಚ್ಚುವ, ರಟ್ಟು ಪ್ಲಾಸ್ಟಿಕ್‌ಗಳದ್ದು ‘ಕರೇತ’. ‘ಮಾಸ್ಕರ’ ಎಲ್ಲಕ್ಕೂ ಒದಗುತ್ತದೆ. ಮೆರವಣಿಗೆ ‘ದೆಸ್ಫೀಲೆ’, ಅದರಲ್ಲಿ ಬರುವ ಅಲಂಕೃತ ವಾಹನ ‘ಕರ್ರೋಸ’. ಇಲ್ಲಿ ಜೋಡಿ ‘ರ್ರ’ವನ್ನು ನಾಲಿಗೆ ನಡುಗಿಸಿ ಹೇಳಬೇಕು.

ಬೇರು

ಸ್ಪ್ಯಾನಿಷ್‌ಗೆ ಈ ಪದ ಬಂದದ್ದು ಇಟಲಿಯಿಂದ. ಹಳೆಯ ಇಟಾಲಿಯನ್ ರೂಪ ‘ಕಾರ್ನೆಲೆವಾರೆ’: ‘ಕಾರ್ನೆ’ ಎಂದರೆ ಮಾಂಸ, ‘ಲೆವಾರೆ’ ಎಂದರೆ ತೆಗೆದುಹಾಕು. ಮಾಂಸವನ್ನು ಎತ್ತಿಡುವ ಹೊತ್ತು. ಬಾಯಲ್ಲಿ ಸವೆದು ‘ಕಾರ್ನೆವಾಲೆ’ ಆಯಿತು, ಅಲ್ಲಿಂದ ಕರ್ನವಾಲ್. ‘ಮಾಂಸವೇ, ಹೋಗಿ ಬಾ’ ಎಂಬ ಲ್ಯಾಟಿನ್ ಮಾತಿನಿಂದ ಹುಟ್ಟಿತು ಎಂಬ ಕಥೆ ಎಲ್ಲೆಲ್ಲೂ ಸಿಗುತ್ತದೆ. ಕೇಳಲು ಸೊಗಸಾಗಿದೆ, ಆದರೆ ಅದು ಪದ ಹುಟ್ಟಿದ ಮೇಲೆ ಜನ ಕಟ್ಟಿದ ವಿವರಣೆ.

ಬೇರು ತಿಳಿದರೆ ಕಾಗುಣಿತದ ಗೊಂದಲವೂ ಮುಗಿಯುತ್ತದೆ. ‘ಬಿ’ ಬರೆಯಬೇಕೋ ‘ವಿ’ಯೋ ಎಂದು ಕಿವಿ ಹೇಳುವುದಿಲ್ಲ, ಎರಡರ ಧ್ವನಿಯೂ ಒಂದೇ. ‘ಲೆವಾರೆ’ಯ ‘ವಿ’ ನೆನಪಿಟ್ಟರೆ ತಪ್ಪುವುದಿಲ್ಲ.

ಇಟಲಿಯ ಪದ ಬರುವ ಮುನ್ನ ಸ್ಪೇನಿನಲ್ಲಿ ಇದ್ದ ಹೆಸರುಗಳು ಇನ್ನೂ ಸತ್ತಿಲ್ಲ. ‘ಕರ್ನೆಸ್ತೊಲೇಂದಸ್’ ಎಂಬುದು ಲ್ಯಾಟಿನ್‌ನಲ್ಲಿ ‘ತೆಗೆದಿಡಬೇಕಾದ ಮಾಂಸ’ ಎಂಬರ್ಥದ್ದು. ಯಾವಾಗಲೂ ಸ್ತ್ರೀಲಿಂಗ ಬಹುವಚನ, ‘ಲಾಸ್’ ಸೇರಿಸಿ ಬಳಸಬೇಕು. ವಾಯವ್ಯದ ಗಲೀಸಿಯದಲ್ಲಿ ಹಬ್ಬದ ಹೆಸರು ‘ಎಂತ್ರೊಯ್ದೊ’, ಅಂದರೆ ಪ್ರವೇಶ, ವ್ರತದ ಬಾಗಿಲು. ಎರಡು ಹೆಸರುಗಳೂ ಹಬ್ಬವನ್ನು ಅದರ ಮುಂದೆ ಬರುವುದರ ಮೂಲಕವೇ ಗುರುತಿಸುತ್ತವೆ ಎಂಬುದನ್ನು ಗಮನಿಸಿ.

ದಿನ ಲೆಕ್ಕ ಹಾಕುವುದು

ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಪದದ ಅರ್ಥ ಮರೆಯುವುದಿಲ್ಲ.

ಮೊದಲು ಆ ವರ್ಷದ ಈಸ್ಟರ್ ಭಾನುವಾರ ಗುರುತು ಮಾಡಿ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆಯಾದ ಮೇಲೆ ಬರುವ ಮೊದಲ ಭಾನುವಾರ ಅದು. ಚರ್ಚಿನ ಕೋಷ್ಟಕದ ಹುಣ್ಣಿಮೆ ಆಕಾಶದ್ದಕ್ಕಿಂತ ಒಂದೆರಡು ದಿನ ಹಿಂದೆ ಮುಂದೆ ಆಗಬಹುದು, ಆದ್ದರಿಂದ ಕ್ಯಾಲೆಂಡರ್ ನೋಡುವುದೇ ಸರಿ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ, ಸ್ಪ್ಯಾನಿಷ್‌ನಲ್ಲಿ ‘ಮ್ಯೇರ್ಕೊಲೆಸ್ ದೆ ಸೆನೀಸ’. ಅಂದು ಚರ್ಚಿನಲ್ಲಿ ಹಣೆಗೆ ಅಥವಾ ತಲೆಗೆ ಬೂದಿ ಹಚ್ಚುತ್ತಾರೆ, ವ್ರತ ಆರಂಭ. ಅದರ ಹಿಂದಿನ ದಿನ, ಅಂದರೆ 47ನೇ ದಿನ, ‘ಮಾರ್ತೆಸ್ ದೆ ಕರ್ನವಾಲ್’, ಹಬ್ಬದ ಮಂಗಳವಾರ. 40 ದಿನದ ವ್ರತಕ್ಕೆ 46 ಏಕೆ ಎಂದರೆ ನಡುವಿನ 6 ಭಾನುವಾರಗಳು ವ್ರತದ ಎಣಿಕೆಗೆ ಸೇರುವುದಿಲ್ಲ. ನೇರವಾಗಿ 40 ಎಣಿಸಿ ಸೋಮವಾರಕ್ಕೋ ಮಂಗಳವಾರಕ್ಕೋ ಬಂದು ನಿಂತವರು ಮರೆತಿರುವುದು ಈ ಆರನ್ನೇ.

2027ರ ಈಸ್ಟರ್ ಮಾರ್ಚ್ 28. ಮಾರ್ಚ್‌ನ 28 ದಿನ ಹಿಂದೆ ಹೋದರೆ ಫೆಬ್ರವರಿ 28. ಇನ್ನು 19 ದಿನ ಹಿಂದೆ ಹೋದರೆ ಫೆಬ್ರವರಿ 9. ಅದೇ ಆ ವರ್ಷದ ಕರ್ನವಾಲ್ ಮಂಗಳವಾರ. 2028ರಲ್ಲಿ ಈಸ್ಟರ್ ಏಪ್ರಿಲ್ 16, ಅಧಿಕ ವರ್ಷವೂ ಹೌದು. ಲೆಕ್ಕ ಹಾಕಿದರೆ ಮಂಗಳವಾರ ಫೆಬ್ರವರಿ 29ರಂದೇ ಬೀಳುತ್ತದೆ. ಫೆಬ್ರವರಿಗೆ 28 ದಿನ ಎಂದು ಹಿಡಿದವರಿಗೆ ಅದು ಸೋಮವಾರವಾಗಿಬಿಡುತ್ತದೆ. ಉತ್ತರ ಮಂಗಳವಾರವಲ್ಲದಿದ್ದರೆ ಎಣಿಕೆಯಲ್ಲಿ ತಪ್ಪಿದೆ ಎಂದೇ ತಿಳಿಯಿರಿ. ಈ ದಿನ ಫೆಬ್ರವರಿ 3ಕ್ಕಿಂತ ಮೊದಲು, ಮಾರ್ಚ್ 9ರ ನಂತರ ಎಂದೂ ಬರುವುದಿಲ್ಲ.

ಮಂಗಳವಾರದ ಹಿಂದಿನ ಗುರುವಾರಕ್ಕೆ ಸ್ಪೇನಿನಲ್ಲಿ ‘ಹ್ವೇವೆಸ್ ಲರ್ದೇರೊ’ ಎಂಬ ಹೆಸರಿದೆ, ಕೊಬ್ಬಿನ ಗುರುವಾರ. ಹಿಂದೆ ವ್ರತದ ದಿನಗಳಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ ಹಾಲುಗಳೂ ನಿಷಿದ್ಧವಾಗಿದ್ದವು; ಮನೆಯಲ್ಲಿ ಇದ್ದುದನ್ನು ಖಾಲಿ ಮಾಡಲೇಬೇಕಿತ್ತು. ಗಲೀಸಿಯದ ‘ಫಿಯೋಅಸ್’ ಎಂಬ ತೆಳ್ಳನೆಯ ಮೊಟ್ಟೆ ದೋಸೆ, ಹಂದಿ ಮಾಂಸದ ಅಡುಗೆಗಳು ಈ ದಿನಗಳಿಗೆ ಅಂಟಿಕೊಂಡಿರುವುದು ಅದಕ್ಕೇ.

ಎಲ್ಲಾ ಕರ್ನವಾಲ್‌ಗಳೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಕೊಲಂಬಿಯದ ಪಾಸ್ತೊ ನಗರದ ಕರಿಯರ ಮತ್ತು ಬಿಳಿಯರ ಕರ್ನವಾಲ್ ಜನವರಿಯ ಮೊದಲ ವಾರದ್ದು, 5 ಮತ್ತು 6 ಅದರ ಮುಖ್ಯ ದಿನಗಳು. ಕ್ಯೂಬಾದ ಸಾಂತ್ಯಾಗೊದಲ್ಲಿ ಹಬ್ಬ ಜುಲೈಯಲ್ಲಿ. ಇಂಥ ಊರುಗಳಲ್ಲಿ ಪದ ವ್ರತದಿಂದ ಬೇರ್ಪಟ್ಟು ವೇಷ, ವಾದ್ಯ, ಬೀದಿ ಕುಣಿತಗಳನ್ನು ಮಾತ್ರ ಉಳಿಸಿಕೊಂಡಿದೆ.

ಬಾಯಿಬಿಟ್ಟು ಹೇಳುವ ಹಬ್ಬ

ಕರ್ನವಾಲ್‌ನ ಸಾಂಸ್ಕೃತಿಕ ಅರ್ಥವನ್ನು ‘ಮೋಜು’ ಎಂದು ಮುಗಿಸುವುದು ಅನ್ಯಾಯ. ಮುಖ ಮುಚ್ಚಿಕೊಂಡವರಿಗೆ ಬಾಯಿ ಬಿಚ್ಚುವ ಅಧಿಕಾರ ಸಿಗುತ್ತದೆ, ಅದು ಈ ಹಬ್ಬದ ತಿರುಳು. ಆಳು ಅರಸನಾಗುತ್ತಾನೆ, ಗಂಡು ಹೆಣ್ಣಾಗುತ್ತಾನೆ, ವರ್ಷವಿಡೀ ನುಂಗಿಕೊಂಡ ಮಾತುಗಳು ಹಾಡಾಗಿ ಹೊರಬರುತ್ತವೆ. ಇದನ್ನು ಹತ್ತಿರದಿಂದ ನೋಡಬೇಕೆಂದರೆ ಕಾದಿಸ್‌ಗೆ ಹೋಗಬೇಕು.

ಅಲ್ಲಿ ಹಬ್ಬದ ಜೀವ ಇರುವುದು ಹಾಡುವ ತಂಡಗಳಲ್ಲಿ. ಪ್ರತಿವರ್ಷ ಹೊಸ ಹಾಡು, ಹೊಸ ವೇಷ ಕಟ್ಟಿಕೊಂಡು ಗ್ರಾನ್ ತೆಯಾತ್ರೊ ಫಾಯ ಎಂಬ ರಂಗಮಂದಿರದಲ್ಲಿ ಅವು ಸ್ಪರ್ಧಿಸುತ್ತವೆ. ಅದೇ ಊರಿನಲ್ಲಿ ಹುಟ್ಟಿದ ಸಂಗೀತಗಾರ ಮನ್ವೇಲ್ ದೆ ಫಾಯರ ಹೆಸರು ಅದಕ್ಕಿದೆ. ತಂಡಗಳಲ್ಲಿ ನಾಲ್ಕು ಬಗೆ. ನಗಿಸುವುದೇ ಕಸುಬಾದದ್ದು ‘ಚಿರಿಗೋತ’. ಹೆಚ್ಚು ಭಾವ, ಹೆಚ್ಚು ನಯವಾದ ಸ್ವರಮೇಳ, ಕೆಲವೊಮ್ಮೆ ಕಟುವಾದ ಟೀಕೆ ಇರುವುದು ‘ಕೊಂಪಾರ್ಸ’. ತಂತಿವಾದ್ಯಗಳೊಂದಿಗೆ ದೊಡ್ಡ ಗುಂಪಾಗಿ ಹಾಡುವುದು ‘ಕೋರೊ’. ಮಾತು, ಪ್ರಾಸ, ನಾಟಕಗಳದ್ದು ‘ಕ್ವರ್ತೇತೊ’. ಹೆಸರು ನಾಲ್ವರು ಎಂದರೂ ಮೂವರಿಂದ ಐವರು ಇರುವುದುಂಟು. ತಂಡ ಧರಿಸುವ ವೇಷಕ್ಕೆ ಅಲ್ಲಿ ‘ತೀಪೊ’ ಎನ್ನುತ್ತಾರೆ. ವೇಷ ಎಂದರೆ ಬರೀ ಬಟ್ಟೆಯಲ್ಲ. ಹಾಡನ್ನೆಲ್ಲ ಆ ಪಾತ್ರದ ಬಾಯಿಂದಲೇ ಹೇಳಬೇಕು.

ಒಂದು ಚಿರಿಗೋತದ ಪ್ರದರ್ಶನ ಕೇಳುವಾಗ ಭಾಗಗಳನ್ನು ಗುರುತಿಸಲು ಕಲಿಯಿರಿ. ಮೊದಲು ‘ಪ್ರೆಸೆಂತಸ್ಯೋನ್’, ತಾವು ಯಾರು ಎಂಬ ಪರಿಚಯ. ಆಮೇಲೆ ಎರಡು ‘ಪಸೊದೋಬ್ಲೆ’, ಊರಿನ ಬಗ್ಗೆಯೋ ಅನ್ಯಾಯದ ಬಗ್ಗೆಯೋ ಗಂಭೀರ ಮಾತು ಬರುವುದು ಇಲ್ಲಿ. ನಂತರ ಎರಡು ‘ಕುಪ್ಲೇ’, ಚಿಕ್ಕವು, ಕೊನೆಯಲ್ಲಿ ಪಂಚ್ ಇರುವಂಥವು, ಪ್ರತಿಯೊಂದು ಮುಗಿದ ಮೇಲೆ ಅದೇ ಪಲ್ಲವಿ. ಕೊನೆಗೆ ‘ಪೊಪುರ್ರೀ’, ಜನಪ್ರಿಯ ಧಾಟಿಗಳಿಗೆ ಹೊಸ ಸಾಹಿತ್ಯ ಹಾಕಿ ಹೊಲಿದ ಸರಮಾಲೆ. ಕೋರೊದಲ್ಲಿ ಪಸೊದೋಬ್ಲೆ ಜಾಗದಲ್ಲಿ ‘ತಾಂಗೊ’ ಬರುತ್ತದೆ, ಅರ್ಜೆಂಟೀನಾದ ನೃತ್ಯಕ್ಕಿಂತ ಬೇರೆಯದಾದ ಕಾದಿಸ್‌ನ ತಾಂಗೊ ಅದು. ಕಲಿಯುವವರು ಕುಪ್ಲೇಗಳಿಂದ ಶುರುಮಾಡಿ ಸೋಲುತ್ತಾರೆ. ಅವು ಆ ವಾರದ ಸ್ಥಳೀಯ ಸುದ್ದಿ, ಶ್ಲೇಷೆಗಳ ಮೇಲೆ ನಿಂತಿರುತ್ತವೆ, ಭಾಷೆ ಚೆನ್ನಾಗಿ ಬಂದವರಿಗೂ ಅರ್ಧ ತಪ್ಪಿಹೋಗುತ್ತವೆ. ಪಸೊದೋಬ್ಲೆ ಒಂದನ್ನು ಆರಿಸಿ, ಸಾಹಿತ್ಯ ಮುಂದಿಟ್ಟುಕೊಂಡು ಮೂರು ಸಲ ಕೇಳಿ. ಮೊದಲ ಸಲ ಬರೀ ಕೇಳುವುದು, ಎರಡನೇ ಸಲ ನುಂಗಿದ ಅಕ್ಷರಗಳಿಗೆ ಗುರುತು ಹಾಕುವುದು, ಮೂರನೇ ಸಲ ಅರ್ಥ. ಕನಾಲ್ ಸುರ್ ಮತ್ತು ಓಂದ ಕಾದಿಸ್ ವಾಹಿನಿಗಳು ಸ್ಪರ್ಧೆಯನ್ನು ಪ್ರಸಾರ ಮಾಡುತ್ತವೆ.

ಸ್ಪರ್ಧೆಗೆ ಹೆಸರು ಕೊಡದೆ ನೇರ ಬೀದಿಗಿಳಿದು ಮೆಟ್ಟಿಲುಗಳ ಮೇಲೆ, ಮೂಲೆಗಳಲ್ಲಿ ಹಾಡುವ ತಂಡಗಳೂ ಅಲ್ಲಿವೆ. ಅವನ್ನು ಪ್ರೀತಿಯಿಂದಲೇ ‘ಇಲೆಗಾಲೆಸ್’, ಕಾನೂನುಬಾಹಿರರು, ಎಂದು ಕರೆಯುತ್ತಾರೆ.

ಈ ನಗುವಿಗೆ ಎಷ್ಟು ಬಲವಿದೆ ಎಂಬುದನ್ನು ಅದನ್ನು ಹತ್ತಿಕ್ಕಿದವರೇ ತೋರಿಸಿಕೊಟ್ಟರು. ಸ್ಪೇನಿನ ಅಂತರ್ಯುದ್ಧದ ನಡುವೆ, 1937ರಲ್ಲಿ, ಮುಂದೆ ದೇಶದ ಸರ್ವಾಧಿಕಾರಿಯಾದ ಸೇನಾನಿ ಫ್ರಾಂಕೊನ ಪಕ್ಷದ ಆಡಳಿತ ಕರ್ನವಾಲ್ ನಿಷೇಧಿಸಿತು. ಮುಖವಾಡ ಹಾಕಿದವನು ಯಾರೆಂದು ಪೊಲೀಸರಿಗೆ ತಿಳಿಯದು, ಹಾಡು ಏನು ಹೇಳೀತೆಂಬುದೂ ತಿಳಿಯದು. ಊರುಗಳು ಹೆಸರು ಬದಲಿಸಿ ಹಬ್ಬವನ್ನು ಉಳಿಸಿಕೊಂಡವು: ಕಾದಿಸ್‌ನಲ್ಲಿ ‘ಕಾದಿಸ್‌ನ ವಿಶಿಷ್ಟ ಉತ್ಸವಗಳು’, ತೆನೆರೀಫೆ ದ್ವೀಪದಲ್ಲಿ 1961ರಿಂದ ‘ಚಳಿಗಾಲದ ಹಬ್ಬಗಳು’. ಫ್ರಾಂಕೊ ಸತ್ತ ಮೇಲೆ, 1977ರಲ್ಲಿ, ಕಾದಿಸ್‌ನ ಕರ್ನವಾಲ್ ತನ್ನ ಹೆಸರಿನಲ್ಲೇ ಮರಳಿತು. ಅರ್ಜೆಂಟೀನಾದಲ್ಲೂ 1976ರಲ್ಲಿ ಸೇನಾಡಳಿತ ಕರ್ನವಾಲ್‌ನ ಸೋಮವಾರ, ಮಂಗಳವಾರಗಳ ರಜೆಯನ್ನು ಕಿತ್ತುಹಾಕಿತ್ತು. ರಜೆ ಮರಳಲು 2011 ಬೇಕಾಯಿತು. ಈ ಪದವನ್ನು ಆ ದೇಶಗಳ ಹಿರಿಯರು ಹೇಳುವಾಗ ಇಷ್ಟೆಲ್ಲ ಅದರಲ್ಲಿ ಇರುತ್ತದೆ.

ಊರು ಬದಲಾದರೆ ಪದದ ಅರ್ಥವೂ

‘ಕೊಂಪಾರ್ಸ’ ಎಂದು ಕೇಳಿದ ಕೂಡಲೇ ಮೊದಲು ‘ಎಲ್ಲಿಯದು?’ ಎಂದು ಕೇಳಬೇಕು. ಕಾದಿಸ್‌ನಲ್ಲಿ ಅದು ಹಾಡುವ ತಂಡ. ತೆನೆರೀಫೆಯಲ್ಲಿ ಗರಿ, ಮಿಣುಕು ಬಟ್ಟೆ ತೊಟ್ಟು ಕುಣಿಯುವ ತಂಡ. ಉರುಗ್ವೇಯ ಮೊಂತೆವಿದೇಯೊದಲ್ಲಿ ಕಂದೋಂಬೆ ನಗಾರಿಗಳ ತಂಡ: ‘ಚೀಕೊ’, ‘ರೆಪೀಕೆ’, ‘ಪ್ಯಾನೊ’ ಎಂಬ ಮೂರು ಅಳತೆಯ ಚರ್ಮವಾದ್ಯಗಳು, ಒಂದು ಕೈ ಬರಿದು, ಇನ್ನೊಂದರಲ್ಲಿ ಕೋಲು. ಆಫ್ರಿಕದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು ಉಳಿಸಿದ ಈ ಪರಂಪರೆಯನ್ನು ಯುನೆಸ್ಕೊ 2009ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

‘ಮೂರ್ಗ’ ಪದದ ಕಥೆಯೂ ಅದೇ. ತೆನೆರೀಫೆ, ಉರುಗ್ವೇಗಳಲ್ಲಿ ಅದು ಮುಖಕ್ಕೆ ಬಣ್ಣ ಬಳಿದು ವಿಡಂಬನೆ ಹಾಡುವ ಗುಂಪು. ಬ್ಯೂನಸ್ ಐರಿಸ್‌ನಲ್ಲಿ ಹಾಡಿಗಿಂತ ನೆಗೆದು ಕುಣಿಯುವುದು ಮುಂದು. ಉರುಗ್ವೇಯ ಕರ್ನವಾಲ್ ಸುಮಾರು 40 ದಿನ ನಡೆಯುತ್ತದೆ, ವ್ರತ ಶುರುವಾಗಿದೆಯೇ ಎಂದು ನೋಡದೆ.

ಬೊಲಿವಿಯದ ಒರೂರೊದಲ್ಲಿ ಪದಕ್ಕೆ ಭಕ್ತಿಯ ತೂಕವಿದೆ. ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದ ಆ ಗಣಿ ಊರಿನಲ್ಲಿ, ಭಾರವಾದ ದೆವ್ವದ ಮುಖವಾಡ ಹೊತ್ತ ‘ದ್ಯಬ್ಲಾದ’ ಕುಣಿತದವರು ಕಿಲೋಮೀಟರುಗಟ್ಟಲೆ ಕುಣಿದು, ಕೊನೆಗೆ ಸೊಕವೋನ್ ಕನ್ಯೆಯ, ಅಂದರೆ ಗಣಿಸುರಂಗದ ಮಾತೆಯ, ಗುಡಿಯಲ್ಲಿ ಮುಖವಾಡ ಕಳಚಿ ಮೊಣಕಾಲೂರುತ್ತಾರೆ. ಮೂರು ವರ್ಷ ಕುಣಿಯುತ್ತೇನೆಂದು ಹರಕೆ ಹೊತ್ತವರೂ ಇರುತ್ತಾರೆ. ಅವರ ಮುಂದೆ ಇದನ್ನು ‘ಪಾರ್ಟಿ’ ಎನ್ನಬೇಡಿ.

ಆಂಡಿಸ್ ಪರ್ವತದ ದೇಶಗಳಲ್ಲಿ ‘ಹುಗಾರ್ ಕರ್ನವಾಲ್’, ಕರ್ನವಾಲ್ ಆಡುವುದು, ಎಂದರೆ ನೀರೆರಚುವುದು, ನೊರೆ ಹಾರಿಸುವುದು. ‘ಆಡೋಣವೇ?’ ಎಂದು ಕೇಳಿದರೆ ಫೋನನ್ನು ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಗಲೀಸಿಯದ ಲಾಸದಲ್ಲಿ ಎರಚುವುದು ಕೆಸರು ಮತ್ತು ಕೆರಳಿಸಿದ ಇರುವೆಗಳು ತುಂಬಿದ ಮಣ್ಣು. ಅಲ್ಲಿನ ಘಂಟೆ ಕಟ್ಟಿದ ಮುಖವಾಡದ ‘ಪೆಲಿಕೇಯ್ರೊ’ಗಳನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

ಸ್ಪ್ಯಾನಿಷ್ ಜಗತ್ತಿನ ಬೀದಿ ಹಬ್ಬಗಳೆಲ್ಲವನ್ನೂ ಈ ಪದಕ್ಕೆ ಸೇರಿಸುವುದು ಇನ್ನೊಂದು ತಪ್ಪು. ಮೆಕ್ಸಿಕೊದಲ್ಲಿ ತಲೆಬುರುಡೆಯ ಬಣ್ಣ ಬಳಿದುಕೊಳ್ಳುವ ಮೃತರ ದಿನ ಕರ್ನವಾಲ್ ಅಲ್ಲ. ಸ್ಪೇನಿನ ಪಾಂಪ್ಲೋನದ ಗೂಳಿ ಓಟ, ಬುಞೋಲ್‌ನ ಟೊಮೆಟೊ ಎರಚಾಟ ಕೂಡ ಅಲ್ಲ. ಅವಕ್ಕೆಲ್ಲ ‘ಫ್ಯೇಸ್ತ’ ಎಂದರೆ ಸಾಕು.

ಮುಗಿಯುವ ದಿನದ ಪದಗಳು

ಈ ಹಬ್ಬ ತನ್ನ ಶವಯಾತ್ರೆಯನ್ನು ತಾನೇ ಮಾಡಿಕೊಳ್ಳುತ್ತದೆ, ಆ ಪದಗಳೂ ಬೇಕು. ಸ್ಪೇನಿನ ಹಲವು ಊರುಗಳಲ್ಲಿ ಬೂದಿ ಬುಧವಾರ ‘ಎಂತ್ಯೇರ್ರೊ ದೆ ಲ ಸರ್ದೀನ’, ಸಾರ್ಡೀನ್ ಮೀನಿನ ಅಂತ್ಯಕ್ರಿಯೆ. ದೊಡ್ಡ ಮೀನಿನ ಬೊಂಬೆ ಹೊತ್ತು, ಕಪ್ಪು ಬಟ್ಟೆ ಉಟ್ಟ ‘ವಿಧವೆ’ಯರು (ಬಹುಪಾಲು ಮೀಸೆಯವರೇ) ಎದೆ ಬಡಿದುಕೊಂಡು ಅಳುತ್ತ ಹೋಗುತ್ತಾರೆ, ಕೊನೆಗೆ ಅದನ್ನು ಸುಡುತ್ತಾರೆ. ಸ್ಪೇನಿನ ಚಿತ್ರಕಾರ ಗೋಯ ಇದೇ ಹೆಸರಿನ ಚಿತ್ರ ಬರೆದಿದ್ದಾನೆ, ಮ್ಯಾಡ್ರಿಡ್‌ನ ಸಾನ್ ಫೆರ್ನಾಂದೊ ಕಲಾ ಅಕಾಡೆಮಿಯಲ್ಲಿದೆ. ಕೊಲಂಬಿಯದ ಬರ್ರಂಕೀಯದಲ್ಲಿ ಸಾಯುವವನು ಮನುಷ್ಯ: ಹೊಸೆಲೀತೊ ಕರ್ನವಾಲ್. ನಾಲ್ಕು ದಿನ ಕುಣಿದು ಕುಡಿದು ಮಂಗಳವಾರ ಸತ್ತುಹೋದ ಆತನನ್ನು ಬೀದಿ ಬೀದಿಯಲ್ಲಿ ಗೋಳಾಡುತ್ತ ಹೊರುತ್ತಾರೆ. ಅರ್ಜೆಂಟೀನಾದ ಉಮವಾಕ ಕಣಿವೆಯಲ್ಲಿ ಶನಿವಾರ ಕಲ್ಲುಗುಪ್ಪೆಯಿಂದ ಅಗೆದು ತೆಗೆದ ದೆವ್ವವನ್ನು ಮರುವಾರದ ಭಾನುವಾರ ಮತ್ತೆ ಹೂಳುತ್ತಾರೆ. ಅಗೆಯುವುದು ‘ದೆಸೆಂತ್ಯೇರ್ರೊ’, ಹೂಳುವುದು ‘ಎಂತ್ಯೇರ್ರೊ’. ಎರಡರ ನಡುವೆ ಇರುವುದೇ ಒಂದು ‘ದೆಸ್’.

ಕಾದಿಸ್, ತೆನೆರೀಫೆಗಳಲ್ಲಿ ಬುಧವಾರ ದಾಟಿಯೂ ಹಬ್ಬ ಹರಿಯುತ್ತದೆ, ವ್ರತದ ಮೊದಲ ಭಾನುವಾರವಾದ ‘ದೊಮೀಂಗೊ ದೆ ಪಿಞಾತ’ದ ತನಕ. ಇನ್ನು ಯಾರಾದರೂ ಮೂರ್ಸ್ಯ ನಗರದಿಂದ ನಿಮ್ಮನ್ನು ಈಸ್ಟರ್ ಕಳೆದ ಶನಿವಾರ ಸಾರ್ಡೀನ್ ಅಂತ್ಯಕ್ರಿಯೆಗೆ ಕರೆದರೆ ತಾರೀಕು ತಪ್ಪಾಗಿದೆ ಎಂದು ತಿದ್ದಲು ಹೋಗಬೇಡಿ. ಆ ಊರಿನವರು ಮೀನನ್ನು ವ್ರತ ಮುಗಿದ ಮೇಲೆಯೇ, ವಸಂತದ ಹಬ್ಬದಲ್ಲಿ ಸುಡುವುದು.